ಮೂರೂವರೆ ಸಾವಿರಕ್ಕೆ ಹಳೇ ಹರ್ಕ್ಯುಲಿಸ್: ಕೊಳ್ಳಬಹುದೇ?

ಪ್ರಶ್ನೆ: ನಾನು ಕಲಬುರಗಿಯ ಬ್ರಹ್ಮಪುರದವನು. ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 46, ಎತ್ತರ ಐದಡಿ ಆರಿಂಚು. ದಿನಾ ಮಿಲ್ಲಿಗೆ ಸೈಕಲ್ ಮೇಲೆ ಹೋಗಿಬರಬೇಕೆಂದು ಮನಸ್ಸು ಮಾಡಿದ್ದೇನೆ. ನಮ್ಮ ಓಣಿಯ ಕಾಕಾ ಒಬ್ಬರು ತಮ್ಮ ತಂದೆಯ ಕಾಲದ ಕಪ್ಪು ಹರ್ಕ್ಯುಲಿಸ್ ಮಾರುತ್ತಿದ್ದಾರೆ, 3,500 ರೂಪಾಯಿ ಹೇಳುತ್ತಾರೆ. "ಇಂಗ್ಲೆಂಡಿನ ಮಾಲು, ಈಗಿನ ಸೈಕಲ್ಲಿನಂಗ ಡಬ್ಬಿ ತಗಡಲ್ಲ, ನಿನ್ನ ಮೊಮ್ಮಗನ ತನಕ ನಡೀತದ" ಅನ್ನುತ್ತಾರೆ. ಹೋದ ತಿಂಗಳು ಹೊಸ ಬಣ್ಣ ಹೊಡೆಸಿದ್ದಾರೆ. ಆದರೂ ರಿಮ್ಮಿನ ಮೇಲೆ, ಚೈನ್ ವೀಲಿನ ಹತ್ತಿರ ತುಕ್ಕು ಕಾಣುತ್ತದೆ. ಓಣಿಯಲ್ಲಿ ಒಂದು ಸುತ್ತು ಹೊಡೆದೆ. ಹ್ಯಾಂಡಲ್ ಎಡಕ್ಕೆ ಎಳೆಯುತ್ತದೆ, ತುಳಿದಾಗ ಟಕ್ ಟಕ್ ಸಪ್ಪಳ ಬರುತ್ತದೆ, ಸೀಟು ಮೇಲೂ ಬರುವುದಿಲ್ಲ, ಕೆಳಗೂ ಇಳಿಯುವುದಿಲ್ಲ. ನನ್ನ ಮಗ "ಇದು ಭಂಗಾರದ (ಗುಜರಿ) ಅಂಗಡಿಗೆ ಹೋಗೋ ಮಾಲು" ಅನ್ನುತ್ತಾನೆ. ಕೊಳ್ಳಬಹುದೇ? ಬಿಡಿಭಾಗ ಸಿಗುತ್ತವೆಯೇ? ಡೈನಮೋ ಇಟ್ಟುಕೊಳ್ಳಲೇ, ತೆಗೆಸಲೇ?

ಉತ್ತರ: ನಿಮ್ಮ ಪತ್ರ ಓದಿದರೆ ನೀವು ಹೆಚ್ಚು ಹೆದರಿರುವುದು ತುಕ್ಕಿಗೆ. ನನಗೆ ಅನುಮಾನ ಬಂದದ್ದು ಆ ಹೊಸ ಬಣ್ಣದ ಮೇಲೆ, ಆಮೇಲೆ ಎಡಕ್ಕೆ ಎಳೆಯುವ ಹ್ಯಾಂಡಲ್ ಮೇಲೆ. ಟಕ್ ಟಕ್ ಸಪ್ಪಳ ಬಹುತೇಕ ಸಣ್ಣ ಖರ್ಚಿನ ಬಾಬತ್ತು. ಅಲುಗದ ಸೀಟು ನೋಡಲು ಸಣ್ಣ ವಿಷಯ, ಆದರೆ ಒಳಗಿನ ಒಂದು ದೊಡ್ಡ ವಿಷಯ ಹೇಳುತ್ತಿರಬಹುದು. ಇವೆಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯೊಂದನ್ನು ನೀವು ಕೇಳೇ ಇಲ್ಲ: ಆ ಸೈಕಲ್ ನಿಮ್ಮ ಕಾಲಿಗೆ ಎಟಕುತ್ತದೆಯೇ? ಅದಕ್ಕೆ ಆಮೇಲೆ ಬರುತ್ತೇನೆ.

ರಿಪೇರಿ ಅಂಗಡಿಯಲ್ಲಿ ಕೂತು ನೋಡುವವನಿಗೆ ಹಳೇ ಸೈಕಲ್ ಅಂದರೆ ಫ್ರೇಮು ಮತ್ತು ಫೋರ್ಕು (ಮುಂದಿನ ಚಕ್ರ ಹಿಡಿಯುವ ಕವಲು), ಅಷ್ಟೇ. ಟೈರು, ಟ್ಯೂಬು, ಚೈನು, ಬಾಲ್ಸು, ಬಾಲ್ಸು ಕೂರುವ ಬಟ್ಟಲು ಅಂದರೆ ಕಪ್ಪು, ಬ್ರೇಕ್ ರಬ್ಬರು ಎಲ್ಲ ಸವೆಯುವುದಕ್ಕೇ ಮಾಡಿದ ಸಾಮಾನು. ಅವು ಹಾಳಾಗಿದ್ದರೆ ಬೆಲೆ ಇಳಿಸಿ ಕೇಳಿ. ಫ್ರೇಮು ಸೊಟ್ಟಗಿದ್ದರೆ ಅಥವಾ ಒಳಗಿಂದ ತಿಂದುಹೋಗಿದ್ದರೆ ಬೆಲೆಯ ಮಾತೇ ಬೇಡ. ಈ ಲೆಕ್ಕದಲ್ಲಿ ನಿಮ್ಮ ಮಗನೂ ಕಾಕಾನೂ ಇಬ್ಬರೂ ಫ್ರೇಮು ನೋಡದೆ ತೀರ್ಪು ಕೊಟ್ಟಿದ್ದಾರೆ.

ಕಾಕಾ ಅವರ ಮಾತಿನಿಂದಲೇ ಶುರು ಮಾಡೋಣ. ಹರ್ಕ್ಯುಲಿಸ್ ಮೂಲದಲ್ಲಿ ಬರ್ಮಿಂಗ್‌ಹ್ಯಾಮಿನ ಕಂಪನಿ, ನಿಜ. ಆದರೆ 1949ರಲ್ಲಿ ಟಿ.ಐ. ಸೈಕಲ್ಸ್ ಶುರುವಾಗಿ, ಮದ್ರಾಸಿನ ಪಕ್ಕದ ಅಂಬತ್ತೂರಿನಲ್ಲಿ ಇದೇ ಹೆಸರಿನ ಸೈಕಲ್ಲುಗಳು ತಯಾರಾಗತೊಡಗಿದವು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್ ಬಂತು, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಹಾಗಾಗಿ ನಮ್ಮ ಕಡೆ "ಇಂಗ್ಲೆಂಡಿನದು" ಎಂದು ಅಟ್ಟದಿಂದ ಇಳಿಸುವ ಸೈಕಲ್ಲುಗಳಲ್ಲಿ ಬಹಳಷ್ಟು ಅಂಬತ್ತೂರಿನವೇ. ಮುಂದಿನ ಪೈಪಿಗೆ ಬಡಿದ ಲೋಹದ ಬಿಲ್ಲೆ ಓದಿ, ಚಕ್ರದ ನಡುವಿನ ಹಬ್ಬಿನ ಮೇಲೆ ಮತ್ತು ಚೈನ್ ವೀಲಿನ ಮೇಲೆ ಒತ್ತಿದ ಅಕ್ಷರ ಓದಿ, ಗೊತ್ತಾಗುತ್ತದೆ. ಅಂಬತ್ತೂರಿನದಾದರೆ ಬೇಸರ ಪಡಬೇಡಿ, ದಿನಾ ತುಳಿಯುವವನಿಗೆ ಅದೇ ಲಾಭ. ಇಲ್ಲಿ ತಯಾರಾದ ಕಪ್ಪು ಸೈಕಲ್ಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯವು, ಒಂದರ ಸಾಮಾನು ಇನ್ನೊಂದಕ್ಕೆ ಕೂರುತ್ತದೆ. ನಿಜವಾಗಿ ಇಂಗ್ಲೆಂಡಿನಿಂದ ಬಂದದ್ದರಲ್ಲಿ ತೊಡಕೇ ಹೆಚ್ಚು. ಉದಾಹರಣೆಗೆ ನಾಟಿಂಗ್‌ಹ್ಯಾಮಿನ ರ್ಯಾಲಿ ಸೈಕಲ್ಲುಗಳಲ್ಲಿ ಪೆಡಲ್ ಅಚ್ಚಿನ ಕಪ್ಪಿಗೆ ಇಂಚಿಗೆ 26 ಸುತ್ತಿನ ಥ್ರೆಡ್ ಇರುತ್ತಿತ್ತು. ಉಳಿದವರದು 24. ಆ ಕಪ್ಪು ಸವೆದರೆ ನೆಹರೂ ಗಂಜ್‌ನಿಂದ ಹೈದರಾಬಾದಿನ ತನಕ ಅಲೆಯಬೇಕು.

ಇನ್ನು "ಡಬ್ಬಿ ತಗಡಲ್ಲ" ಎಂಬ ಮಾತು. ಹಳೇ ಕಪ್ಪು ಸೈಕಲ್ ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್ ಸೇರಿ ಇಪ್ಪತ್ತು ಕಿಲೋ ಆಸುಪಾಸು ತೂಗುತ್ತದೆ. ಆ ಭಾರವನ್ನೇ ಜನ ಗಟ್ಟಿತನ ಅಂದುಕೊಳ್ಳುತ್ತಾರೆ. ಅದು ಸಾದಾ ಉಕ್ಕಿನ ದಪ್ಪ ಪೈಪು, ಅದಕ್ಕೇ ಭಾರ. ಅದರ ದೊಡ್ಡ ಗುಣ ಎರಡು. ಒಂದು, ಅದು ಸಾಮಾನ್ಯವಾಗಿ ಒಮ್ಮೆಲೇ ಮುರಿಯುವುದಿಲ್ಲ, ಬಾಗುತ್ತದೆ ಅಥವಾ ಬಿರುಕು ತೋರಿಸುತ್ತದೆ. ಎರಡು, ಸ್ವಲ್ಪ ಬಾಗಿದ್ದನ್ನು ಕೈ ಪಳಗಿದ ಮಿಸ್ತ್ರಿ ತಣ್ಣಗಿದ್ದಾಗಲೇ ಎಳೆದು ನೆಟ್ಟಗೆ ಮಾಡಬಲ್ಲ, ಅಲ್ಯೂಮಿನಿಯಂ ಫ್ರೇಮಿಗೆ ಈ ಅವಕಾಶ ಇಲ್ಲ. ಆದರೆ ಹಳೇ ಕಬ್ಬಿಣ ಮುರಿಯುವುದೇ ಇಲ್ಲ ಅನ್ನುವುದು ಸುಳ್ಳು. ವರ್ಷಗಟ್ಟಲೆ ಹಾಲಿನ ಕ್ಯಾನು, ಗೊಬ್ಬರದ ಚೀಲ, ಹಿಂದೆ ಇಬ್ಬರು ಮುಂದೆ ಒಬ್ಬ, ಹೀಗೆ ಹೊತ್ತ ಸೈಕಲ್ಲಿನ ಉಕ್ಕು ದಣಿಯುತ್ತದೆ. ಬಿರುಕು ಬಿಡುವ ಜಾಗಗಳೂ ಗೊತ್ತಿರುವವೇ: ಫೋರ್ಕಿನ ಎರಡು ಕಾಲು ಕೂಡುವ ಭುಜ, ಮುಂದಿನ ಪೈಪಿನ ಲಗ್ಗುಗಳ (ಪೈಪುಗಳನ್ನು ಕೂಡಿಸುವ ಉಕ್ಕಿನ ಕೊಳವೆ) ಅಂಚು, ಸೀಟಿನ ಲಗ್ಗು, ಪೆಡಲ್ ಅಚ್ಚಿನ ಗೂಡಿನ ಸುತ್ತ. ಕಾಕಾ ಅವರ ತಂದೆ ಆ ಸೈಕಲ್ ಮೇಲೆ ಏನು ಹೇರುತ್ತಿದ್ದರು ಎಂದು ಒಂದು ಮಾತು ಕೇಳಿ. ಕಚೇರಿಗೆ ಹೋಗಿಬಂದ ಸೈಕಲ್ಲಿಗೂ ಹಾಲು ಮಾರಿದ ಸೈಕಲ್ಲಿಗೂ ವಯಸ್ಸು ಒಂದೇ ಇದ್ದರೂ ಆಯುಷ್ಯ ಬೇರೆ.

ತುಕ್ಕಿನ ವಿಷಯದಲ್ಲಿ ನಮ್ಮ ಊರಿನವರು ಪುಣ್ಯವಂತರು. ಕಾರವಾರ, ಮಂಗಳೂರಿನ ಉಪ್ಪುಗಾಳಿ ಇಲ್ಲಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಒಣ ಬಿಸಿಲಿನಲ್ಲಿ ಕಬ್ಬಿಣಕ್ಕೆ ತುಕ್ಕು ನಿಧಾನ. ಉಕ್ಕಿಗೆ ನೀರೂ ಗಾಳಿಯೂ ಒಟ್ಟಿಗೆ ಬಹಳ ಹೊತ್ತು ತಾಗಿದರೆ ಮಾತ್ರ ಅದು ಆಳಕ್ಕೆ ಇಳಿಯುತ್ತದೆ. ಹಾಗಾಗಿ ರಿಮ್ಮಿನ ಮೇಲೆ, ಹ್ಯಾಂಡಲ್ ಮೇಲೆ ಕಾಣುವ ಕೆಂಪು ಪುಡಿಗೆ ಹೆದರಬೇಕಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡಿ. ಉಜ್ಜಿದಲ್ಲಿ ಬೆರಳಿಗೆ ನುಣುಪು ಸಿಕ್ಕಿದರೆ ಅದು ಮೇಲ್ತುಕ್ಕು. ಗುಳಿಗುಳಿ ಸಿಕ್ಕಿದರೆ, ಪದರ ಪದರವಾಗಿ ಸಿಪ್ಪೆ ಎದ್ದರೆ, ಅಲ್ಲಿ ಪೈಪು ತೆಳುವಾಗಿದೆ.

ನಮ್ಮ ಕಡೆಯ ಸೈಕಲ್ಲನ್ನು ನಿಜವಾಗಿ ತಿನ್ನುವ ವೈರಿಗಳು ಬೇರೆ ಇದ್ದಾರೆ. ಮೊದಲನೆಯದು ಎರೆಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಹೋದರೆ ಆ ಕರಿಮಣ್ಣು ಮಡ್‌ಗಾರ್ಡಿನ ಒಳಗೆ, ಹಿಂದಿನ ಎರಡು ಕೆಳಪೈಪು ಕೂಡುವ ಸಂದಿಯಲ್ಲಿ ಮೆತ್ತಿಕೊಂಡು ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯದು ಗೊಬ್ಬರ: ಯೂರಿಯಾ, ಡಿಎಪಿ ಚೀಲದಿಂದ ಉದುರಿದ ಕಾಳು ನೀರು ಹೀರಿ ಉಪ್ಪುನೀರಿನ ಹಾಗೆ ಉಕ್ಕನ್ನು ತಿನ್ನುತ್ತದೆ. ಮೂರನೆಯದು ದನದ ಕೊಟ್ಟಿಗೆ. ಅಲ್ಲಿ ನಿಂತ ಸೈಕಲ್ಲಿಗೆ ಗಂಜಲದ ತೇವ ತಾಗಿ ತಾಗಿ ಹಿಂದಿನ ಚಕ್ರದ ಅಚ್ಚಿನ ಜಾಗ ಮೊದಲು ಹೋಗುತ್ತದೆ. ಓಣಿಯ ಮನೆಯ ಪಡಸಾಲೆಯಲ್ಲಿ ನಿಂತ ಸೈಕಲ್ ಆದರೆ ಈ ಮೂರೂ ಇಲ್ಲ. ಹಾಗಾಗಿ ಅದು ರಾತ್ರಿ ಎಲ್ಲಿ ನಿಲ್ಲುತ್ತಿತ್ತು ಎಂದೂ ಕೇಳಿ.

ಈಗ ಆ ಸೀಟಿನ ಮಾತು. ಸೀಟಿನ ಪೈಪಿನ ಸಂದಿಯಿಂದ ಮಳೆನೀರು ಫ್ರೇಮಿನ ಒಳಗೆ ಇಳಿಯುತ್ತದೆ. ಇಳಿದ ನೀರು ಎಲ್ಲಿಗೆ ಹೋಗುತ್ತದೆ? ನೇರ ಕೆಳಗೆ, ಪೆಡಲ್ ಅಚ್ಚಿನ ಗೂಡಿಗೆ. ಸೀಟಿನ ಪೈಪು ತುಕ್ಕಿನಿಂದ ಬೆಸೆದುಕೊಂಡಿದೆ ಅಂದರೆ ಆ ದಾರಿಯಲ್ಲಿ ನೀರು ಓಡಾಡಿದೆ ಎಂದೇ ಅರ್ಥ. ನೀವು ಚೈನ್ ವೀಲಿನ ಹತ್ತಿರ ತುಕ್ಕು ಕಂಡೆ ಎಂದು ಬರೆದದ್ದನ್ನು ಇದಕ್ಕೆ ಜೋಡಿಸಿ ನೋಡಿ. ಸೈಕಲ್ಲನ್ನು ತಲೆಕೆಳಗು ಮಾಡಿ ಸೀಟು ಹ್ಯಾಂಡಲ್ ಮೇಲೆ ನಿಲ್ಲಿಸಿ. ಗೂಡಿನ ತಳಭಾಗ ಈಗ ಕಣ್ಣಿಗೆ ಬೀಳುತ್ತದೆ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಅದನ್ನೂ ಪಕ್ಕದ ಪೈಪುಗಳನ್ನೂ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಪೈಪು ಟಣ್ ಎನ್ನುತ್ತದೆ. ಒಳಗೆ ತಿಂದುಹೋದ ಜಾಗ ಮಡಕೆ ಒಡೆದ ಹಾಗೆ ಬೋಳು ಸಪ್ಪಳ ಮಾಡುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರಿನ ತುದಿ ಒತ್ತಿ. ತುದಿ ಒಳಗೆ ಇಳಿಯಿತೋ, ಕಾಕಾ ಅವರಿಗೆ ನಮಸ್ಕಾರ ಹೇಳಿ ಮನೆಗೆ ಬನ್ನಿ. ಇಳಿಯಲಿಲ್ಲ, ಸಪ್ಪಳವೂ ಚೆನ್ನಾಗಿದೆ ಅಂದರೆ ಸೀಟಿನ ಪೈಪು ಬಿಡಿಸುವ ದಾರಿ ಇದೆ. ಬೋಲ್ಟು ಸಡಿಲಿಸಿ, ತುಕ್ಕು ಬಿಡಿಸುವ ಎಣ್ಣೆಯನ್ನು ಸಂದಿಗೆ ಬಿಟ್ಟು ಎರಡು ಮೂರು ದಿನ ಹಾಗೇ ಬಿಡಬೇಕು, ದಿನಾ ಒಮ್ಮೆ ಮೆಲ್ಲಗೆ ತಟ್ಟಬೇಕು, ಆಮೇಲೆ ಸೀಟು ಹಿಡಿದು ತಿರುವಬೇಕು. ಅವಸರಕ್ಕೆ ದೊಡ್ಡ ಪೈಪ್ ಪಾನಾ ಹಾಕಿ ತಿರುವಿದರೆ ಸೀಟಿನ ಲಗ್ಗೇ ಸೀಳುತ್ತದೆ.

ಹೊಸ ಬಣ್ಣದ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಮಾರುವ ಮೊದಲು ಹೊಡೆಸಿದ ಬಣ್ಣಕ್ಕೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ. ಕಾಕಾ ಅವರು ಮೋಸ ಮಾಡಲು ಹೊಡೆಸಿದ್ದಾರೆ ಎಂದಲ್ಲ, ಮದುವೆಗೆ ಮನೆಗೆ ಸುಣ್ಣ ಹೊಡೆಸಿದಂತೆ ಹೊಡೆಸಿರಬಹುದು. ಆದರೆ ಬಣ್ಣ ಬಿರುಕನ್ನು ಮುಚ್ಚುತ್ತದೆ, ಹಳೇ ಪೆಟ್ಟನ್ನು ಮುಚ್ಚುತ್ತದೆ, ಲಂಬಂ (ಪುಟ್ಟಿ) ತುಂಬಿದ ಗುಳಿಯನ್ನೂ ಮುಚ್ಚುತ್ತದೆ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ, ಎಲ್ಲ ಪೈಪುಗಳ ಮೇಲೆ ಆಡಿಸಿ. ಎಲ್ಲಿ ಹಿಡಿತ ಇದ್ದಕ್ಕಿದ್ದಂತೆ ಸಡಿಲವಾಗುತ್ತದೋ ಅಲ್ಲಿ ಬಣ್ಣದ ಕೆಳಗೆ ದಪ್ಪ ಲಂಬಂ ಇದೆ. ಮುಂಜಾನೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ನೋಡಿ. ನೆತ್ತಿ ಬಿಸಿಲಿನಲ್ಲಿ ಕಪ್ಪು ಬಣ್ಣದ ಮೇಲೆ ಉಬ್ಬುತಗ್ಗು ಕಾಣುವುದಿಲ್ಲ.

ಮುಖ್ಯವಾಗಿ ನೋಡಬೇಕಾದ ಜಾಗ, ಮುಂದಿನ ಪೈಪಿನಿಂದ ಪೆಡಲ್ ಕಡೆಗೆ ಇಳಿಯುವ ಓರೆ ಪೈಪಿನ ಅಡಿಭಾಗ. ಲಗ್ಗಿನಿಂದ ಒಂದೆರಡು ಇಂಚು ಹಿಂದೆ ಬೆರಳು ಸವರಿ. ಸೈಕಲ್ ಎದುರಿನಿಂದ ಗೋಡೆಗೋ ಎತ್ತಿನ ಬಂಡಿಗೋ ಬಡಿದಿದ್ದರೆ ಅಲ್ಲಿ ಚರ್ಮ ಸುಕ್ಕುಗಟ್ಟಿದಂತೆ ಒಂದು ಸಣ್ಣ ಉಬ್ಬು ಇರುತ್ತದೆ, ಅಡ್ಡ ಪೈಪಿನ ಅಡಿಯಲ್ಲೂ ಅದರ ಜೋಡಿ ಸಿಗಬಹುದು. ಅದು ಸಿಕ್ಕರೆ ಫ್ರೇಮಿಗೆ ಜೋರು ಪೆಟ್ಟು ಬಿದ್ದಿದೆ. ನೆಟ್ಟಗೆ ಮಾಡಿಸಬಹುದು ಅನ್ನುವವರು ಸಿಗುತ್ತಾರೆ, ಆದರೆ ಸುಕ್ಕಾದ ಪೈಪು ಅದೇ ಸುಕ್ಕಿನಲ್ಲಿ ಬಿರುಕು ಬಿಡುತ್ತದೆ. ನಾನು ಅಂಥದ್ದನ್ನು ಬಿಟ್ಟಿ ಕೊಟ್ಟರೂ ದಾರಿಗೆ ಇಳಿಸುವುದಿಲ್ಲ.

ಲಗ್ಗುಗಳ ಹತ್ತಿರ ವೆಲ್ಡಿಂಗ್ ಗುರುತು ಇದ್ದರೂ ಅಷ್ಟೇ. ಈ ಸೈಕಲ್ಲುಗಳ ಪೈಪನ್ನು ಲಗ್ಗಿನೊಳಗೆ ಕೂಡಿಸಿ ಹಿತ್ತಾಳೆ ಕರಗಿಸಿ ಬೆಸೆದಿರುತ್ತಾರೆ. ಹಿತ್ತಾಳೆ 900 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಉಕ್ಕು ಕರಗಲು ಸುಮಾರು 1500 ಬೇಕು. ಟ್ರ್ಯಾಕ್ಟರ್ ಟ್ರಾಲಿ ಬೆಸೆಯುವ ಅಂಗಡಿಯಲ್ಲಿ ಅದರ ಮೇಲೆ ಕರೆಂಟ್ ವೆಲ್ಡಿಂಗ್ ಹೊಡೆಸಿದರೆ ಒಳಗಿನ ಹಿತ್ತಾಳೆ ಕಲೆತು ಬೆಸುಗೆ ಪೊಳ್ಳಾಗುತ್ತದೆ. ಮೇಲಿಂದ ದಪ್ಪ ಗಂಟು ಕಾಣುತ್ತದೆ, ಒಳಗೆ ಹಿಡಿತ ಇರುವುದಿಲ್ಲ. ಕ್ಯಾರಿಯರಿಗೆ, ಸ್ಟ್ಯಾಂಡಿಗೆ ಬೆಸುಗೆ ಇದ್ದರೆ ಇರಲಿ ಬಿಡಿ. ಫೋರ್ಕಿಗೆ ಬೆಸುಗೆ ಇದ್ದರೆ ಆ ಫೋರ್ಕು ಬೇಡವೇ ಬೇಡ. ಚೈನು ಕಡಿದರೆ ಕಾಲು ಕೆರೆಯುತ್ತದೆ, ಫೋರ್ಕು ಮುರಿದರೆ ಮುಖ ರಸ್ತೆಗೆ ಬಡಿಯುತ್ತದೆ.

ಹ್ಯಾಂಡಲ್ ಎಡಕ್ಕೆ ಎಳೆಯುವುದಕ್ಕೆ ನಾಲ್ಕು ಕಾರಣ ಇರಬಹುದು. ಅಗ್ಗದಿಂದ ಶುರು ಮಾಡಿ ಒಂದೊಂದಾಗಿ ಕಳೆಯುತ್ತ ಹೋಗಬೇಕು. ಹಿಂದಿನ ಅಥವಾ ಮುಂದಿನ ಚಕ್ರ ಸೀಳಿನಲ್ಲಿ ಓರೆಯಾಗಿ ಕೂತಿರಬಹುದು: ನಟ್ಟು ಸಡಿಲಿಸಿ ನೆಟ್ಟಗೆ ಕೂರಿಸಿದರೆ ಮುಗಿಯಿತು, ಕಾಸಿಲ್ಲ. ಹ್ಯಾಂಡಲ್ ಕಪ್ಪಿನಲ್ಲಿ ಬಾಲ್ಸು ಗುಂಡಿ ತೋಡಿರಬಹುದು: ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಒಂದು ಬೆರಳಿನಿಂದ ಅತ್ತಿತ್ತ ತಿರುಗಿಸಿ, ಒಂದೇ ಜಾಗದಲ್ಲಿ ಕಟ್ ಎಂದು ಸಿಕ್ಕಿಕೊಂಡಂತಾದರೆ ಅದೇ. ಕಪ್ಪು, ಬಾಲ್ಸು ಹೊಸದು ಹಾಕಿಸಿದರೆ ಸರಿಹೋಗುತ್ತದೆ. ಮೂರನೆಯದು ಫೋರ್ಕಿನ ಒಂದು ಕಾಲು ಬಾಗಿರುವುದು. ನಾಲ್ಕನೆಯದು ಫ್ರೇಮೇ ತಿರುಚಿರುವುದು.

ಕೊನೆಯ ಎರಡನ್ನು ಹಿಡಿಯಲು ಒಂದು ಸೂತಲಿ ದಾರ ಸಾಕು. ಹಿಂದಿನ ಚಕ್ರದ ಅಚ್ಚಿನ ಒಂದು ಬದಿಗೆ ಕಟ್ಟಿ, ಮುಂದಕ್ಕೆ ತಂದು ಹ್ಯಾಂಡಲ್ ಕೆಳಗಿನ ಪೈಪನ್ನು ಸುತ್ತಿಸಿ, ಹಿಂದಕ್ಕೆ ಒಯ್ದು ಇನ್ನೊಂದು ಬದಿಗೆ ಬಿಗಿಯಾಗಿ ಕಟ್ಟಿ. ಈಗ ಸೀಟಿನ ಕೆಳಗಿನ ಫ್ರೇಮಿನ ಪೈಪಿಗೂ ದಾರಕ್ಕೂ ನಡುವಿನ ಅಂತರವನ್ನು ಎರಡೂ ಕಡೆ ಸ್ಕೇಲಿನಿಂದ ಅಳೆಯಿರಿ. ಎರಡು ಮೂರು ಮಿಲಿಮೀಟರ್ ಹೆಚ್ಚುಕಡಿಮೆ ಇದ್ದರೆ ಈ ಜಾತಿಯ ಸೈಕಲ್ಲಿಗೆ ಅದು ದೋಷವಲ್ಲ. ಬೆರಳು ದಪ್ಪ ವ್ಯತ್ಯಾಸ ಬಂದರೆ ಫ್ರೇಮು ಸೊಟ್ಟ. ಆಮೇಲೆ ಸಿಮೆಂಟ್ ರಸ್ತೆಯ ಮೇಲೆ ಒಂದು ಕೊಡ ನೀರು ಚೆಲ್ಲಿ, ಅದರ ಮೂಲಕ ನೇರವಾಗಿ ಸೈಕಲ್ ಓಡಿಸಿ, ಇಳಿದು ಬಂದು ಗುರುತು ನೋಡಿ. ಹಿಂದಿನ ಚಕ್ರದ ಗುರುತು ಮುಂದಿನದರ ಮೇಲೇ ಬಿದ್ದಿರಬೇಕು. ಎರಡು ಗೆರೆ ಬೇರೆ ಬೇರೆ ಬಿದ್ದು, ದಾರದ ಅಳತೆ ಮಾತ್ರ ಸರಿ ಇದ್ದರೆ ತಪ್ಪು ಫೋರ್ಕಿನದು ಅಥವಾ ಚಕ್ರ ಕೂತದ್ದರದು. ಫೋರ್ಕು ಹೊಸದು ಸಿಗುತ್ತದೆ, ಹಾಗಾಗಿ ಅದು ಬೆಲೆ ಇಳಿಸುವ ವಿಷಯ. ಕಾಕಾ ಅವರ ಮುಂದೆಯೇ ಈ ದಾರದ ಪರೀಕ್ಷೆ ಮಾಡಿ. ಆಮೇಲೆ ಚೌಕಾಶಿ ಮಾಡುವಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಟಕ್ ಟಕ್ ಸಪ್ಪಳಕ್ಕೆ ಬರೋಣ. ಪೆಡಲಿನ ಒಂದು ಸುತ್ತಿಗೆ ಒಂದು ಸಲ, ಒಂದೇ ಜಾಗದಲ್ಲಿ ಬರುತ್ತದೆಯೇ? ಹಾಗಾದರೆ ಕ್ರ್ಯಾಂಕು (ಪೆಡಲ್ ಕೂರುವ ತೋಳು), ಪೆಡಲು ಅಥವಾ ಬಿ.ಬಿ. ಅಚ್ಚು, ಅಂದರೆ ಪೆಡಲ್ ಅಚ್ಚು. ತುಳಿಯುವುದು ನಿಲ್ಲಿಸಿ ಸೈಕಲ್ ಉರುಳುತ್ತಿರುವಾಗಲೂ ಬಂದರೆ ಚಕ್ರದ್ದು. ನೀವು ತುಳಿದಾಗ ಅಂದಿದ್ದೀರಿ, ಆದ್ದರಿಂದ ನನ್ನ ಅನುಮಾನ ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ನಿನ ಮೇಲೆ. ಎರಡೂ ಕ್ರ್ಯಾಂಕನ್ನು ನೆಲಕ್ಕೆ ಸಮಾಂತರ ನಿಲ್ಲಿಸಿ ಎರಡೂ ಪೆಡಲನ್ನು ಕೈಯಿಂದ ಒತ್ತಿ. ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿ. ಸ್ವಲ್ಪ ಜಾರಿ ಟಕ್ ಎಂದರೆ ಪಿನ್ನು ಸಡಿಲ. ಹೊಸ ಪಿನ್ನನ್ನು ಅರದಿಂದ ಉಜ್ಜಿ ಚಪ್ಪಟೆ ಮುಖ ಹೊಂದಿಸಿ, ಕ್ರ್ಯಾಂಕಿನ ಕೆಳಗೆ ಗಟ್ಟಿ ಆಸರೆ ಕೊಟ್ಟು ಸುತ್ತಿಗೆಯಿಂದ ಬಡಿದು ಕೂರಿಸಬೇಕು. ನಟ್ಟು ತಿರುಗಿಸಿ ಎಳೆದು ಕೂರಿಸುವ ಸೋಮಾರಿ ಕೆಲಸಕ್ಕೆ ಎರಡೇ ವಾರ ಆಯುಷ್ಯ. ಸಡಿಲ ಪಿನ್ನಿನ ಮೇಲೇ ವರ್ಷಗಟ್ಟಲೆ ತುಳಿದಿದ್ದರೆ ಕ್ರ್ಯಾಂಕಿನ ತೂತು ಮೊಟ್ಟೆಯಾಕಾರ ಆಗಿರುತ್ತದೆ, ಆಗ ಕ್ರ್ಯಾಂಕೂ ಅಚ್ಚೂ ಎರಡೂ ಬದಲಾಗಬೇಕು. ಅದಾದರೂ ಫ್ರೇಮಿನ ಮುಂದೆ ಸಣ್ಣ ಖರ್ಚೇ. ಮನೆಯಲ್ಲೇ ಬಿಚ್ಚಲು ಹೋಗುವವರಿಗೊಂದು ಮಾತು: ಎಡ ಪೆಡಲಿನ ಥ್ರೆಡ್ ಉಲ್ಟಾ, ಬಲಗಡೆಯ ಬಿ.ಬಿ. ಕಪ್ಪಿನದೂ ಉಲ್ಟಾ. ಇದು ಗೊತ್ತಿಲ್ಲದೆ ಬಲ ಹಾಕಿ ಕೆಡಿಸಿಕೊಂಡು ಅಂಗಡಿಗೆ ಹೊತ್ತು ತರುವವರಿಗೆ ಕೊರತೆ ಇಲ್ಲ.

ಚೈನಿಗೆ ಶಾಲೆ ಮಕ್ಕಳ ಒಂದಡಿ ಸ್ಕೇಲು ಸಾಕು. ಚೈನು ಬಿಗಿ ಹಿಡಿದು ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಡಿ, ಇಪ್ಪತ್ನಾಲ್ಕನೇ ಕೊಂಡಿಯ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಕಾಲಂಗುಲದ ಅರ್ಧ, ಅಂದರೆ ⅛ ಇಂಚು ದಾಟಿದ್ದರೆ ಚೈನು ಮುಗಿದಿದೆ. ಹಳೇ ಫ್ರೀವೀಲಿನ (ಹಿಂದಿನ ಚಕ್ರದ ಹಲ್ಲುಗಾಲಿ) ಮೇಲೆ ಹೊಸ ಚೈನು ಹಾಕಿದರೆ ಹಲ್ಲು ಜಿಗಿಯುತ್ತದೆ, ಎರಡನ್ನೂ ಒಟ್ಟಿಗೇ ಬದಲಿಸಿ.

ಇನ್ನು ನೀವು ಕೇಳದ ಪ್ರಶ್ನೆ. ಕಪ್ಪು ಸೈಕಲ್ಲುಗಳು ನಮ್ಮಲ್ಲಿ ಹೆಚ್ಚಾಗಿ 24 ಮತ್ತು 22 ಇಂಚಿನ ಫ್ರೇಮಿನಲ್ಲಿ ಬಂದವು. ಪೆಡಲ್ ಅಚ್ಚಿನ ನಡುವಿನಿಂದ ಸೀಟಿನ ಲಗ್ಗಿನ ತಲೆಯ ತನಕ ಟೇಪು ಹಿಡಿದರೆ ಯಾವುದೆಂದು ಗೊತ್ತಾಗುತ್ತದೆ. 24ರ ಅಡ್ಡ ಪೈಪು ನೆಲದಿಂದ ಸುಮಾರು 86 ಸೆಂಟಿಮೀಟರ್ ಎತ್ತರ ಇರುತ್ತದೆ, 22ರದ್ದು 82ರ ಆಸುಪಾಸು. ನಿಮ್ಮ ಎತ್ತರದವರಿಗೆ 24 ದೊಡ್ಡದು. ಹಳಬರು ಅದನ್ನೇ ತುಳಿದರಲ್ಲ ಎಂದರೆ, ತುಳಿದರು: ಎಡ ಪೆಡಲ್ ಮೇಲೆ ನಿಂತು, ಉರುಳಿಸಿಕೊಂಡು ಹೋಗಿ, ಕಾಲು ಹಿಂದಿನಿಂದ ಬೀಸಿ ಹತ್ತುವುದು, ಹಾಗೇ ಇಳಿಯುವುದು. ಆಗ ರಸ್ತೆಯಲ್ಲಿ ಟಂಟಂ, ಬೈಕು, ಲಾರಿ ಇಷ್ಟಿರಲಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಲಾರಿಯ ಪಕ್ಕ ಏಕಾಏಕಿ ನಿಲ್ಲಬೇಕಾದಾಗ ಒಂದು ಕಾಲಾದರೂ ನೆಲಕ್ಕೆ ಸಲೀಸಾಗಿ ತಾಗದಿದ್ದರೆ ಅಡ್ಡ ಪೈಪಿನ ಮೇಲೆ ಬೀಳುತ್ತೀರಿ. ಆ ನೋವು ಅನುಭವಿಸಿದವರಿಗೇ ಗೊತ್ತು. 24 ಆಗಿದ್ದರೆ, ಉಳಿದದ್ದೆಲ್ಲ ಬಂಗಾರದಂತಿದ್ದರೂ ನಿಮಗೆ ಬೇಡ. 22 ಆಗಿದ್ದರೆ, ಸೀಟು ಇಳಿಸಲು ಬಂದರೆ ಮಾತ್ರ ಸರಿ. ಅದಕ್ಕೇ ಸೀಟು ಬಿಡಿಸುವ ತನಕ ಹಣ ಕೊಡಬೇಡಿ ಅನ್ನುತ್ತೇನೆ.

ಬ್ರೇಕಿನ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳಬೇಕು. ಈ ರಾಡ್ ಬ್ರೇಕುಗಳು ರಬ್ಬರನ್ನು ರಿಮ್ಮಿನ ಒಳಮುಖಕ್ಕೆ ಮೇಲಕ್ಕೆ ಎಳೆದು ಹಿಡಿಯುತ್ತವೆ. ಒಣ ರಸ್ತೆಯಲ್ಲಿ ಕೆಲಸಕ್ಕೆ ಸಾಕು. ಕ್ರೋಮ್ ಹಚ್ಚಿದ ಉಕ್ಕಿನ ರಿಮ್ಮು ಒದ್ದೆಯಾದರೆ ಹಿಡಿತ ಬಹಳ ಕಡಿಮೆಯಾಗುತ್ತದೆ, ಸೈಕಲ್ ಎಲ್ಲೋ ಹೋಗಿ ನಿಲ್ಲುತ್ತದೆ. ಇದು ಹಳೇದರ ದೋಷವಲ್ಲ, ಆ ವ್ಯವಸ್ಥೆಯದೇ ಮಿತಿ. ಮಳೆಯಲ್ಲಿ ಬ್ರೇಕನ್ನು ಮೊದಲೇ ಮೆಲ್ಲಗೆ ಹಿಡಿದು ರಿಮ್ಮು ಒರೆಸಿಕೊಂಡು, ಆಮೇಲೆ ಒತ್ತುವುದನ್ನು ರೂಢಿ ಮಾಡಿಕೊಳ್ಳಬೇಕು. ರಿಮ್ಮಿನ ಒಳಮುಖದಲ್ಲಿ ಕ್ರೋಮ್ ಕಿತ್ತು ಗರಗಸದ ಹಾಗಾಗಿದ್ದರೆ ರಬ್ಬರು ತಿನ್ನುತ್ತದೆ, ರಿಮ್ಮೇ ಬದಲಿಸಿ. ಚಕ್ರದ ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಒಂದೇ ತರಹದ ನಾದ ಬರಬೇಕು. ಮುಂದೆ 32, ಹಿಂದೆ 40 ಇರಬೇಕು, ಎಣಿಸಿ, ಎಷ್ಟೋ ಸೈಕಲ್ಲುಗಳಲ್ಲಿ ಒಂದೆರಡು ಇರುವುದೇ ಇಲ್ಲ.

ಬಿಡಿಭಾಗ ಸಿಗುತ್ತವೆಯೇ ಎಂದು ಕೇಳಿದ್ದೀರಿ. ಈ ಜಾತಿಯ ಸೈಕಲ್ ಇನ್ನೂ ಹೊಸದಾಗಿ ತಯಾರಾಗುತ್ತಿದೆ, ಹಾಗಾಗಿ ಕಲಬುರಗಿಯಲ್ಲಿ ಸಾಮಾನಿನ ಚಿಂತೆ ಇಲ್ಲ. ಟೈರಿನ ಅಳತೆಯಲ್ಲಿ ಮಾತ್ರ ಎಚ್ಚರ. ಟೈರಿನ ಪಕ್ಕದಲ್ಲಿ 28 × 1½ ಎಂದಿರಬೇಕು, ಅದರ ಜೊತೆ 635 ಎಂಬ ಸಂಖ್ಯೆ ಇದ್ದರೆ ಇನ್ನೂ ಖಾತ್ರಿ. 26 ಎಂದು ಕರೆಸಿಕೊಳ್ಳುವ ಟೈರುಗಳಲ್ಲಿ ಗೊಂದಲ ಹೆಚ್ಚು: 26 × 1⅜ಕ್ಕೆ 590, ಗೇರ್ ಸೈಕಲ್ಲಿನ ದಪ್ಪ 26ಕ್ಕೆ 559. ಎರಡಕ್ಕೂ 26 ಎಂದೇ ಹೆಸರು, ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಇನ್ನು ನಮ್ಮ ಬಿಸಿಲಿಗೆ ನಿಂತ ಸೈಕಲ್ಲಿನ ರಬ್ಬರು ಓಡಿದ್ದಕ್ಕಿಂತ ಬೇಗ ಒಡೆಯುತ್ತದೆ. ಪಕ್ಕೆಯಲ್ಲಿ ಕೂದಲೆಳೆ ಬಿರುಕು ಕಂಡರೆ ಎರಡೂ ಟೈರು ಖರ್ಚಿಗೆ ಬರೆದುಕೊಳ್ಳಿ. ಬಳ್ಳಾರಿ ಜಾಲಿ ಮುಳ್ಳಿರುವ ಊರಿನಲ್ಲಿ ಟ್ಯೂಬಂತೂ ಹೊಸದೇ ಇರಲಿ.

ಈಗ ಲೆಕ್ಕ. ನೀವು ಲೆಕ್ಕದವರು, ನಿಮಗೆ ಸುಲಭ. ಒಂದು ಕಾಗದದ ಮೇಲೆ ಇವತ್ತಿನ ಗುಜರಿ ದರವನ್ನು ಇಪ್ಪತ್ತು ಕಿಲೋಗೆ ಗುಣಿಸಿ ಬರೆಯಿರಿ. ಅದು ತಳದ ಬೆಲೆ, ಅದಕ್ಕಿಂತ ಕಡಿಮೆಗೆ ಕಾಕಾ ಕೊಡಲಾರರು, ಕೊಡಬೇಕಾಗಿಯೂ ಇಲ್ಲ. ಅದರ ಕೆಳಗೆ ಟೈರು, ಟ್ಯೂಬು, ಬಾಲ್ಸು, ಕಾಟರ್ ಪಿನ್ನು, ಚೈನು, ಫ್ರೀವೀಲು, ಬ್ರೇಕ್ ರಬ್ಬರು, ಪೂರ್ತಿ ಓವರ್‌ಹಾಲಿಂಗ್ ಮಜೂರಿ ಇಷ್ಟಕ್ಕೂ ಸೂಪರ್ ಮಾರ್ಕೆಟ್ ಕಡೆಯ ಯಾವುದಾದರೂ ಅಂಗಡಿಯಲ್ಲಿ ದರ ಕೇಳಿ ಬರೆಯಿರಿ. ಪಕ್ಕದಲ್ಲಿ ಅದೇ ಮಾದರಿಯ ಹೊಸ ಸೈಕಲ್ಲಿನ ಬೆಲೆ. ಹಳೇದರ ಬೆಲೆ ಮತ್ತು ರಿಪೇರಿ ಎರಡೂ ಕೂಡಿ ಹೊಸದರ ಮೂರರಲ್ಲಿ ಎರಡು ಪಾಲು ದಾಟಿದರೆ ನಾನು ಕೊಳ್ಳುವುದಿಲ್ಲ. ನೀವು ಹೇಳಿದ ಸ್ಥಿತಿಯಲ್ಲಿ, ಫ್ರೇಮು ನೆಟ್ಟಗಿದ್ದರೂ, 3,500 ಹೆಚ್ಚೇ. ಓವರ್‌ಹಾಲಿಂಗ್ ಮಾಡಿಸುವಾಗ ಹಳೇ ಬಾಲ್ಸಿನ ಜೊತೆ ಹೊಸದು ಬೆರೆಸಲು ಬಿಡಬೇಡಿ, ಹೊಸದು ಗಾತ್ರದಲ್ಲಿ ಸ್ವಲ್ಪ ದೊಡ್ಡದಿದ್ದು ಭಾರವೆಲ್ಲ ಅದೇ ಹೊತ್ತು ಕಪ್ಪು ಕೆಡಿಸುತ್ತದೆ.

ನಿಮ್ಮ ಮುಂದಿರುವ ದಾರಿಗಳು ಹೀಗೆ. ಫ್ರೇಮು 22, ನೆಟ್ಟಗಿದೆ, ಗೂಡು ಗಟ್ಟಿ, ಸೀಟು ಬಿಟ್ಟುಕೊಂಡಿತು: ಬೆಲೆ ಇಳಿಸಿ ಕೊಳ್ಳಿ, ತುಳಿಯುವ ಮೊದಲೇ ಪೂರ್ತಿ ಬಿಚ್ಚಿಸಿ ಗ್ರೀಸ್ ಹಾಕಿಸಿ. ಸ್ವಲ್ಪ ಸ್ವಲ್ಪ ರಿಪೇರಿ ಮಾಡಿಸುತ್ತ ಹೋದರೆ ಮಜೂರಿ ಎರಡು ಪಟ್ಟಾಗುತ್ತದೆ, ದಿನಾ ಕೆಲಸಕ್ಕೆ ತಡವೂ ಆಗುತ್ತದೆ. ಫ್ರೇಮು ಸರಿ, ಫೋರ್ಕು ಮಾತ್ರ ಸಂಶಯ: ಹೊಸ ಫೋರ್ಕಿನ ಬೆಲೆ ಕಳೆದು ಕೇಳಿ, ಹಳೇದನ್ನು ಬೆಂಡು ತೆಗೆಸಿ ಹಾಕಿಕೊಳ್ಳುವ ಆಸೆ ಬೇಡ. ಫ್ರೇಮಿನಲ್ಲೇ ದೋಷ ಅಥವಾ ಅಳತೆ 24: ಬಿಟ್ಟುಬಿಡಿ, ಕಾಕಾ ಬೇಸರ ಮಾಡಿಕೊಂಡರೂ ಪರವಾಗಿಲ್ಲ. ಹಳೇದೇ ಬೇಕೆಂದರೆ ಬೇರೆಯದು ಹುಡುಕಿ. ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ 2006–07ರಿಂದ ಕೊಟ್ಟ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ಸುಮ್ಮನೆ ನಿಂತಿವೆ, ಅವನ್ನೂ ಇದೇ ರೀತಿ ಪರೀಕ್ಷಿಸಿ ಕೊಳ್ಳಬಹುದು, ಅಳತೆ ಮಾತ್ರ ನಿಮಗೆ ಹೊಂದಬೇಕು. ಹೊಸದು ಕೊಂಡರೆ ಕಣ್ಣುಮುಚ್ಚಿ ನಂಬಬಹುದು ಎಂದೇನೂ ಇಲ್ಲ. ಹೊಸ ಸೈಕಲ್ಲಿನ ಕಾಟರ್ ಪಿನ್ನು, ಕಡ್ಡಿ, ಕಪ್ಪುಗಳನ್ನೂ ಮೊದಲ ತಿಂಗಳಲ್ಲಿ ಒಮ್ಮೆ ಬಿಗಿಸಬೇಕಾಗುತ್ತದೆ.

ಪರಿಚಯದ ಕಾಕಾ ಆದ್ದರಿಂದ ಕದ್ದ ಮಾಲಿನ ಹೆದರಿಕೆ ನಿಮಗಿಲ್ಲ. ಬೇರೆ ಎಲ್ಲಿಂದಲಾದರೂ ಕೊಳ್ಳುವುದಾದರೆ ಪೆಡಲ್ ಗೂಡಿನ ತಳದಲ್ಲೋ ಸೀಟಿನ ಲಗ್ಗಿನ ಹತ್ತಿರವೋ ಒತ್ತಿದ ಫ್ರೇಮ್ ನಂಬರು ನೋಡಿ, ಅದನ್ನು ಬರೆದು ಮಾರಿದವರ ಸಹಿ ಹಾಕಿಸಿದ ಚೀಟಿ ಇಟ್ಟುಕೊಳ್ಳಿ. ನಂಬರನ್ನು ಅರದಿಂದ ಉಜ್ಜಿದ್ದು ಕಂಡರೆ ಮುಟ್ಟಬೇಡಿ. ಕದ್ದದ್ದೆಂದು ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಕೊಂಡವನೂ ಆರೋಪಿಯೇ.

ಕೊನೆಗೆ ಡೈನಮೋ. ಇಟ್ಟುಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಟೈರಿಗೆ ಉಜ್ಜಿಕೊಂಡು ತಿರುಗುವ ಈ ಡೈನಮೋ 6 ವೋಲ್ಟಿನ ಸಣ್ಣ ಬಲ್ಬು ಉರಿಸುತ್ತದೆ. ನೀವು ನಿಂತ ಕೂಡಲೇ ದೀಪ ಆರುತ್ತದೆ, ಅಂದರೆ ಕತ್ತಲಲ್ಲಿ ರಸ್ತೆ ದಾಟಲು ನಿಂತಾಗ, ಹಿಂದಿನ ಲಾರಿಯವನಿಗೆ ನೀವು ಕಾಣಲೇಬೇಕಾದಾಗ, ನಿಮ್ಮಲ್ಲಿ ಬೆಳಕಿಲ್ಲ. ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ರಿಫ್ಲೆಕ್ಟರ್, ಜೊತೆಗೆ ಬ್ಯಾಟರಿಯ ಕೆಂಪು ಮಿಣುಕು ದೀಪ ಹಾಕಿಸಿ. ಡೈನಮೋದ ಗಾಲಿ ಟೈರಿನ ಪಕ್ಕೆಗೆ ನೆಟ್ಟಗೆ ಕೂರದೆ ಓರೆಯಾಗಿ ಒತ್ತುತ್ತಿದ್ದರೆ ಹೊಸ ಟೈರನ್ನು ಕೊರೆದುಬಿಡುತ್ತದೆ. ಟೈರು ಹಾಕಿಸಿದ ದಿನವೇ ಮಿಸ್ತ್ರಿಗೆ ಹೇಳಿ ಅದನ್ನೂ ಹೊಂದಿಸಿಕೊಳ್ಳಿ.